ಹಸಿ ಹೊಳಪು, ಒಣ ಹೊಳಪು

ನಾನು ಎಲ್ಲಿಗೆ ಹೋಗಿ ಬಂದೆ ಎಂದು ನನ್ನ ಹೆಂಡತಿ ನನ್ನನ್ನು ಕೇಳುವುದಿಲ್ಲ. ಅಂಗಳಕ್ಕೆ ಬಂದು ಕಾರಿನ ಗಾಲಿ ನೋಡುತ್ತಾಳೆ. ಧಾರವಾಡದ್ದು ಕೆಂಪು ಮಣ್ಣು. ಸಾಧನಕೇರಿ, ಕೆಲಗೇರಿ ಕಡೆ ಅಡ್ಡಾಡಿ ಬಂದರೆ ಟಾಯರು ಕುಂಕುಮ ಹಚ್ಚಿಕೊಂಡೇ ಮನೆಗೆ ಬರುತ್ತದೆ. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ ಕಡೆ ಹೊರಳಿದರೆ ಎರೆಮಣ್ಣು, ಕಡುಗಪ್ಪು. ಹುಬ್ಬಳ್ಳಿಯ ಒಳಗೇ ಸುತ್ತಿ ಬಂದರೆ ಕೆಂಪೂ ಅಲ್ಲ, ಕಪ್ಪೂ ಅಲ್ಲ. ಚೆನ್ನಮ್ಮ ಸರ್ಕಲ್ಲಿನ ಸುತ್ತ ಮೇಲ್ಸೇತುವೆಯ ಕೆಲಸ ಶುರುವಾದಾಗಿನಿಂದ ಅದೊಂದು ಸಿಮೆಂಟಿನ ಬೂದಿ ಬಣ್ಣ. ಒಂದು ಸಂಜೆ 'ಕೆ.ಸಿ.ಡಿ. ಮೈದಾನದಾಗ ಅಡ್ಡಾಡಿ ಬಂದೆ' ಎನ್ನುತ್ತ ಚಪ್ಪಲಿ ಬಿಡುತ್ತಿದ್ದೆ. ಆಕೆ ಗಾಲಿಯತ್ತ ಒಮ್ಮೆ ಕಣ್ಣು ಹಾಯಿಸಿ, 'ದುರ್ಗದಬೈಲದಾಗ ಎಷ್ಟ ಮಿರ್ಚಿ ತಿಂದ್ರಿ?' ಎಂದಳು. ಡಾಕ್ಟರು ಎಣ್ಣೆ ಪದಾರ್ಥ ಬಿಡಿಸಿ ಆಗ ಇನ್ನೂ ಹದಿನೈದು ದಿನವಾಗಿತ್ತು.

ಹುಬ್ಬಳ್ಳಿ ಎಂದರೆ ಹೂವಿನ ಬಳ್ಳಿ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಬಳ್ಳಿಯ ಮೇಲಿನ ಧೂಳು ಝಾಡಿಸಿ ನೋಡಿದವರು ನಮ್ಮಲ್ಲಿ ಕಡಿಮೆ.

ಇಂಥ ಊರಿನಲ್ಲಿದ್ದುಕೊಂಡು ಗಾಲಿಗೆ ಹೊಳಪು ಕೊಡಬೇಕೆಂಬ ವಿಚಾರ ನನ್ನ ತಲೆಯಲ್ಲಿ ತಾನಾಗಿ ಹುಟ್ಟುವಂಥದ್ದಲ್ಲ. ಅದು ಅಕ್ಕನ ಫೋನಿನಲ್ಲಿ ಬಂತು. ಆಕೆಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ದಸರೆಗೆ ಊರಿಗೆ ಬಂದವನನ್ನು ಹಿಡಿದು ನಿಲ್ಲಿಸಿ, ನವಲಗುಂದದ ಹತ್ತಿರದ ಒಂದು ಹಳ್ಳಿಗೆ ಕನ್ಯಾ ನೋಡಲು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. 'ತಮ್ಮಾ, ನಿನ್ನ ಗಾಡೀನ ತಗೊಂಡ ಬಾ' ಎಂದಳು ಅಕ್ಕ. 'ಆದ್ರ ಅದರ ಗಾಲಿಗೆ ಏನರ ಒಂದ ಮಾಡು. ಮೈಯೆಲ್ಲಾ ಬೆಳ್ಳಗೈತಿ, ಕಾಲ ನೋಡಿದ್ರ ಈಗರ ಹೊಲದಿಂದ ಬಂದಂಗ ಕಾಣತಾವ.'

ಖಂಡೇನವಮಿಗೆ ಗಾಡಿ ತೊಳೆದು, ವಿಭೂತಿ ಬಳಿದು, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಹಿಸುಕಿ ನಾಲ್ಕು ದಿನವೂ ಆಗಿರಲಿಲ್ಲ. ಆದರೂ ಹೋಗಿ ನೋಡಿದೆ. ಅಕ್ಕ ಹೇಳಿದ್ದು ಸುಳ್ಳಲ್ಲ. ಮಣ್ಣು ಹೋಗಿತ್ತು, ಆದರೆ ಟಾಯರು ಕಪ್ಪಾಗಿರಲಿಲ್ಲ. ಹಳೆಯ ಕೊಡೆಯ ಬಟ್ಟೆಯ ಹಾಗೆ ಕಂದು ತಿರುಗಿತ್ತು. ಉಗುರಿನಿಂದ ಕೆರೆದರೂ ಬರದ ಕಂದು.

ಈ ಕಂದು ಹೊರಗಿನದಲ್ಲ, ಒಳಗಿನದು ಎಂಬುದು ನನಗೆ ಆಮೇಲೆ ತಿಳಿಯಿತು. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸಣ್ಣಸಣ್ಣದಾಗಿ ಸೀಳುತ್ತದೆ. ಅದನ್ನು ತಡೆಯಲು ಟಾಯರ್ ಮಾಡುವಾಗಲೇ 6ಪಿಪಿಡಿ ಎಂಬ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಅದು ಒಳಗೆ ಸುಮ್ಮನೆ ಕೂಡುವುದಿಲ್ಲ. ನಿಧಾನಕ್ಕೆ ಮೇಲ್ಮೈಗೆ ಬಂದು, ರಬ್ಬರಿನ ಬದಲು ತಾನೇ ಓಝೋನಿಗೆ ಎದೆಯೊಡ್ಡಿ, ಕಂದಾಗಿ ಅಲ್ಲೇ ಕೂಡುತ್ತದೆ. ಮನೆಯ ಹಿರಿಯ ಮಗ ಬಿಸಿಲಿನಲ್ಲಿ ದುಡಿದು ಕಪ್ಪಾಗುವಂತೆ ಎಂದುಕೊಂಡು ನಾನು ಅದನ್ನು ಮೆಚ್ಚುವವನಿದ್ದೆ. ಅಷ್ಟರಲ್ಲಿ ಇನ್ನೊಂದು ವಿಷಯ ಓದಿದೆ. ಇದೇ ವಸ್ತು ಓಝೋನಿನ ಜೊತೆ ಕೂಡಿ ಬೇರೆಯೇ ರೂಪ ತಾಳಿ, ರಸ್ತೆಯ ಮಳೆನೀರಿನಲ್ಲಿ ಹರಿದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಳ್ಳಗಳಲ್ಲಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿತ್ತೆಂದು 2020ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಹಿರಿಯ ಮಗನ ಮೇಲಿನ ಅಭಿಮಾನ ಸ್ವಲ್ಪ ಇಳಿಯಿತು. ನಮ್ಮ ಕೆರೆಗಳ ಮೀನಿಗೆ ಅದರಿಂದ ಏನಾಗುತ್ತದೋ, ಅವು ಬೇರೆ ಜಾತಿಯವು. ಆದರೆ ಕೆರೆಯ ದಂಡೆಯಲ್ಲಿ ಟ್ಯಾಕ್ಟರ್ ತೊಳೆಯುವವರನ್ನು ಕಂಡಾಗ ಈಗ ನನಗೆ ಆ ಕೋಹೋ ನೆನಪಾಗುತ್ತದೆ.

ಬಣ್ಣದ ಮಾತು ಬಂದಿತೆಂದು ಹೇಳುತ್ತೇನೆ: ಟಾಯರು ಹುಟ್ಟಾ ಕರಿಯದಲ್ಲ. ರಬ್ಬರಿನ ಹಾಲು ಬಿಳಿ, ಮೊದಮೊದಲ ಟಾಯರುಗಳೂ ಬಿಳಿಚಿಕೊಂಡೇ ಇದ್ದವು. ಮಿಶೆಲಿನ್ ಕಂಪನಿಯ ಗುಂಡುಗುಂಡಾದ ಟಾಯರ್ ಮನುಷ್ಯ ಹುಟ್ಟಿದ್ದು 1898ರಲ್ಲಿ. ಅವನು ಇವತ್ತಿಗೂ ಬೆಳ್ಳಗೇ ಇರುವುದು ಅದಕ್ಕೇ. ರಬ್ಬರಿಗೆ ಮಸಿ ಬೆರೆಸಿದರೆ ಸವೆತ ಬಹಳ ಕಡಿಮೆಯಾಗುತ್ತದೆಂದು 20ನೆಯ ಶತಮಾನದ ಆರಂಭದಲ್ಲಿ ಗೊತ್ತಾಯಿತು, ಅಲ್ಲಿಂದ ಕಪ್ಪೇ ಗಾಲಿಯ ಬಣ್ಣವಾಯಿತು. ಆ ಮಸಿ ಎಂದರೆ ಎಣ್ಣೆಯನ್ನು ಪೂರ್ತಿ ಉರಿಯಗೊಡದೆ ಹಿಡಿದ ಕಾಡಿಗೆಯೇ. ನಮ್ಮವ್ವ ಹರಳೆಣ್ಣೆಯ ದೀಪದ ಮೇಲೆ ತಾಟು ಬೋರಲು ಹಾಕಿ ಹಿಡಿಯುತ್ತಿದ್ದದ್ದೂ ಅದನ್ನೇ. ಆಕೆ ಅದನ್ನು ನನ್ನ ಗಲ್ಲಕ್ಕೆ ದೃಷ್ಟಿಬೊಟ್ಟಾಗಿ ಇಡುತ್ತಿದ್ದಳು. ಅಂದರೆ ಕಾರಿಗೆ ಕಂಪನಿಯವರೇ ನಾಲ್ಕು ದೃಷ್ಟಿಬೊಟ್ಟು ಇಟ್ಟು ಕೊಡುತ್ತಾರೆ. ಇಷ್ಟಾದ ಮೇಲೂ ನಮ್ಮ ಮಂದಿ ಮುಂದಿನ ಬಂಪರಿಗೆ ಲಿಂಬೆಹಣ್ಣು-ಮೆಣಸಿನಕಾಯಿ ಕಟ್ಟುತ್ತಾರೆ, ಲಾರಿಯವರು ಹಳೆಯ ಚಪ್ಪಲಿ ಕಟ್ಟುತ್ತಾರೆ. ಇರಲಿ, ರಸ್ತೆ ನೋಡಿದರೆ ಅದೂ ಕಡಿಮೆಯೇ.

ಕಂದು ಓಡಿಸುವ ಉಪಾಯಗಳು ಓಣಿಯಲ್ಲಿ ಪುಕ್ಕಟೆ ಸಿಕ್ಕವು. ಎದುರು ಮನೆಯವರು ಕೊಬ್ಬರಿ ಎಣ್ಣೆ ಎಂದರು. ಒಂದು ಗಾಲಿಗೆ ಹಚ್ಚಿ ನೋಡಿದೆ. ಹೊಳೆಯಿತು, ಸುಳ್ಳು ಹೇಳಬಾರದು. ಅರ್ಧ ಗಂಟೆಯ ನಂತರ ಹೊರಗೆ ಬಂದರೆ ಓಣಿಯ ನಾಯಿ, ಇಷ್ಟು ದಿನ ಅದೇ ಗಾಲಿಗೆ ಕಾಲೆತ್ತುತ್ತಿದ್ದ ನಾಯಿ, ಭಕ್ತಿಯಿಂದ ಅದನ್ನು ನೆಕ್ಕುತ್ತ ನಿಂತಿತ್ತು. ಅದು ಬಿಟ್ಟ ಜಾಗದಲ್ಲಿ ಸಂಜೆಯ ಹೊತ್ತಿಗೆ ಧೂಳು ಕೂತು, ಟಾಯರು ಶೇಂಗಾ ಹಿಂಡಿ ಉದುರಿಸಿದಂತಾಯಿತು. ಬೂಟ್ ಪಾಲಿಶ್ ಹಚ್ಚು ಎಂದರು ಇನ್ನೊಬ್ಬರು. ಒಂದು ಡಬ್ಬಿ ಒಂದೂವರೆ ಗಾಲಿಗೆ ಬಂತು. ಮರುದಿನದ ತುಂತುರು ಮಳೆಗೆ ಆ ಒಂದೂವರೆಯೂ ಅಂಗಳದ ಫರಸಿಯ ಮೇಲೆ ಕರಿ ಗೆರೆಯಾಗಿ ಹರಿಯಿತು. ಗ್ಯಾರೇಜಿನ ಹುಡುಗನೊಬ್ಬ ಡೀಸೆಲ್ಲಿನಲ್ಲಿ ಅರಿವೆ ಅದ್ದಿ ಒರೆಸಲು ಬಂದಾಗ ಮಾತ್ರ ನಾನು ಕೈ ಹಿಡಿದೆ. ಡೀಸೆಲ್, ಸುಟ್ಟ ಎಂಜಿನ್ ಎಣ್ಣೆ ಇವೆಲ್ಲ ರಬ್ಬರಿನೊಳಗೆ ಇಳಿಯುತ್ತವೆ. ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಅದನ್ನು ಕಾಯಲೆಂದು ಇಟ್ಟ ಮೇಣವೂ ಹೋಗುತ್ತದೆ. ಎರಡು ದಿನದ ಕಪ್ಪಿಗೆ ಎರಡು ವರ್ಷದ ಆಯುಷ್ಯ ಯಾರು ಕೊಡುತ್ತಾರೆ?

ಗಾಲಿಗೆ ಎಣ್ಣೆ ಹಾಕುವುದು ನಮಗೆ ಹೊಸದೇನಲ್ಲ ಎಂದು ಆಗ ನೆನಪಾಯಿತು. ಅಜ್ಜನ ಚಕ್ಕಡಿಯ ಕೆಳಗೆ ಒಂದು ಗೊಟ್ಟದಲ್ಲಿ ಕೀಲೆಣ್ಣೆ ಜೋತಾಡುತ್ತಿತ್ತು: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಸಂತೆಗೆ ಹೊರಡುವ ಮೊದಲು ಅಚ್ಚಿನಿಂದ ಗಾಲಿ ಸ್ವಲ್ಪ ಎಳೆದು ಅದನ್ನು ಬಳಿದರೆ ಮುಗಿಯಿತು. ಹೊರಗಿನ ಹಳಿಗೆ ಯಾರೂ ಏನೂ ಹಚ್ಚುತ್ತಿರಲಿಲ್ಲ. ಅದು ರಸ್ತೆಯ ಕಲ್ಲಿಗೆ ಉಜ್ಜಿಕೊಂಡು ತಾನೇ ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ಓಡಿದಷ್ಟೂ ಹೊಳೆಯುವ ಗಾಲಿ ಅದು. ನನ್ನದು ನಿಂತಷ್ಟು ಹೊತ್ತು ಮಾತ್ರ ಹೊಳೆಯುವ ಗಾಲಿ. ಎಣ್ಣೆ ಒಳಗಿನಿಂದ ಹೊರಗೆ ಬಂದು ಎಷ್ಟು ವರ್ಷವಾಯಿತೋ.

ಕೊನೆಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಅಂಗಡಿಗೆ ಹೋದೆ. ಟಾಯರ್ ಪಾಲಿಶ್ ಎಂದು ಕೇಳಿದರೆ ಅಂಗಡಿಯವ ಕಪಾಟಿನ ಒಂದು ಪೂರ್ತಿ ಅಂಕಣ ತೋರಿಸಿದ. 3ಎಂ, ವ್ಯಾಕ್ಸ್‌ಪೋಲ್, ಟರ್ಟಲ್ ವ್ಯಾಕ್ಸ್. ನನ್ನ ಕಾರಿನ ವೇಗಕ್ಕೆ ಆಮೆಯ ಹೆಸರಿನದೇ ಸರಿ ಎಂದುಕೊಳ್ಳುತ್ತಿರುವಾಗ ಆತ ಕೇಳಿದ: 'ಸರ, ಹಸೀ ಹೊಳಪ ಬೇಕೋ, ಒಣಾ ಹೊಳಪ ಬೇಕೋ?'

ಪೇಢೆ ಕೊಳ್ಳುವಾಗ ನಮ್ಮೂರಲ್ಲಿ ಲೈನ್ ಬಜಾರೋ ಮಿಶ್ರಾವೋ ಎಂದು ಕೇಳುವುದುಂಟು. ಅದಕ್ಕೆ ಉತ್ತರ ಹುಟ್ಟಿನಿಂದಲೇ ಬಂದಿರುತ್ತದೆ. ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಆತನೇ ಎರಡು ಬಾಟಲಿ ಎದುರಿಗಿಟ್ಟು ಪಾಠ ಹೇಳಿದ. ಒಂದರಲ್ಲಿ ಎಣ್ಣೆಯ ಹಾಗೆ ತಿಳಿಯಾದ ದ್ರವ: ಪೆಟ್ರೋಲಿಯಂ ದ್ರಾವಕದಲ್ಲಿ ಸಿಲಿಕೋನ್ ಕರಗಿಸಿದ್ದು. ಹಚ್ಚಿದರೆ ಈಗಷ್ಟೇ ಮಳೆಯಲ್ಲಿ ತೊಯ್ದ ಹಾಗೆ ಮಿರಿಮಿರಿ, ಒಂದೆರಡು ಮಳೆಗೂ ಜಗ್ಗುವುದಿಲ್ಲ. ಇನ್ನೊಂದು ಹಾಲಿನ ಹಾಗೆ ಬೆಳ್ಳಗೆ: ಅದೇ ಸಿಲಿಕೋನನ್ನು ನೀರಿನಲ್ಲಿ ಕಡೆದದ್ದು. ಒಣಗಿದರೆ ಹೊಸ ಟಾಯರಿನ ಮಬ್ಬುಗಪ್ಪು, ಕೈಗೆ ಹತ್ತುವುದಿಲ್ಲ, ರಬ್ಬರಿಗೂ ಮೃದು, ಆದರೆ ಬೇಗ ಹೋಗುತ್ತದೆ. 'ಮಂದಿಗೆ ಯಾವದ ಬೇಕಾಗತೈತಿ?' ಎಂದೆ. 'ಗಾಡಿ ಇಟಗೊಳ್ಳಾವ್ರಿಗೆ ಒಣಾ, ಮಾರಾವ್ರಿಗೆ ಹಸಿ' ಎಂದ.

ನಾನು ಎರಡೂ ತಂದೆ. ನೋಡಿಯೇ ಬಿಡೋಣವೆಂದು ಮುಂದಿನ ಎರಡಕ್ಕೆ ಹಸಿ, ಹಿಂದಿನ ಎರಡಕ್ಕೆ ಒಣ ಹಚ್ಚಿದೆ. ಎಡಗಾಲಿಗೆ ಬೂಟು ಬಲಗಾಲಿಗೆ ಚಪ್ಪಲಿ ಹಾಕಿಕೊಂಡವನಂತೆ ಕಾರು ನಿಂತಿತು. ಹಾಗೆಯೇ ನವನಗರದ ತನಕ ಒಂದು ಸುತ್ತು ಹೊಡೆದೆ. ಪಕ್ಕದಲ್ಲಿ ಬಸ್ಸಿಗೇ ಮೀಸಲಾದ ಪಟ್ಟಿಯಲ್ಲಿ ಚಿಗರಿ ಬಸ್ಸು ಹಾರುತ್ತ ಹೋಗುತ್ತಿತ್ತು, ನನಗೂ ಸ್ವಲ್ಪ ಹುರುಪು ಬಂತು. ಮನೆಗೆ ಬಂದು ನೋಡಿದರೆ ಬಿಳಿಯ ಬಾಗಿಲುಗಳ ಮೇಲೆ, ಮುಂದಿನ ಗಾಲಿಯಿಂದ ಹಿಡಿಕೆಯ ತನಕ, ಕರಿಯ ಚುಕ್ಕೆಗಳ ರಂಗೋಲಿ. ತಿರುಗುವ ಗಾಲಿ ತನಗೆ ಬೇಡವಾದ ಎಣ್ಣೆಯನ್ನೆಲ್ಲ ಎತ್ತಿ ಎಸೆದಿತ್ತು. ಹೆಂಡತಿ ಬಂದು ನೋಡಿದಳು. ಎಂದೂ ತಪ್ಪದ ಆಕೆಯ ಲೆಕ್ಕ ಅವತ್ತು ತಪ್ಪಿತು. 'ಎಲ್ಲಿ ಡಾಂಬರ ಹಾಕಾಕ ಹತ್ಯಾರ್ರಿ?' ಎಂದಳು. ಹೊಸ ಡಾಂಬರು ಎಂದ ಕೂಡಲೆ ಆಕೆಯ ದನಿಯಲ್ಲಿ ಒಂದು ಆಸೆಯೂ ಇತ್ತು.

ತಪ್ಪು ಬಾಟಲಿಯದಲ್ಲ, ನನ್ನದು ಎಂದು ತಿಳಿದದ್ದು ವಾಟರ್ ಸರ್ವಿಸಿಂಗ್ ಸೆಂಟರಿನಲ್ಲಿ. ಮನೆಯಲ್ಲಿ ತೊಳೆಯುವ ಹಾಗಿರಲಿಲ್ಲ. ಅವಳಿನಗರದ ಕೆಲವು ವಾರ್ಡುಗಳಲ್ಲಿ 2008ರಿಂದಲೇ 24 ತಾಸು ನೀರು ಬರುತ್ತದೆ. ನಮ್ಮ ಓಣಿ ಆ ಕೆಲವರಲ್ಲಿ ಬರುವುದಿಲ್ಲ. ಮಲಪ್ರಭೆ ಸವದತ್ತಿಯಿಂದ ಹೊರಟು ನಮ್ಮ ನಳಕ್ಕೆ ಬರುವ ದಿನ ನಮಗೊಂದು ಹಬ್ಬ, ಆವತ್ತು ಬಕೀಟು, ಕೊಡ, ಕುಕ್ಕರು ತುಂಬುವುದು ಬಿಟ್ಟು ಟಾಯರು ತೊಳೆಯುತ್ತ ಕೂತರೆ ಊಟ ಸಿಗುವುದಿಲ್ಲ.

ಸೆಂಟರಿನ ಹುಡುಗನಿಗೆ ಇಪ್ಪತ್ತರ ಒಳಗಿನ ವಯಸ್ಸು. ಪ್ಯಾಂಟು ಮೊಣಕಾಲ ತನಕ ಮಡಚಿದ್ದ. ನನ್ನ ಗಾಲಿ ನೋಡಿ, 'ಕೊಳಿ ಮ್ಯಾಲ ಎಣ್ಣಿ ಹಚ್ಚೀರಲ್ರಿ ಕಾಕಾ' ಎಂದು ನಕ್ಕ. ಆತನ ಪ್ರಕಾರ ಮೊದಲು ಬಿರುಸಾದ ಬ್ರಷ್ಷು, ಸೋಪಿನ ನೀರು. ತಿಕ್ಕಿದರೆ ಕಂದು ನೊರೆ ಬರುತ್ತದೆ. ತೊಳೆದು ಮತ್ತೆ ತಿಕ್ಕಬೇಕು. ನೊರೆ ಬೆಳ್ಳಗೆ ಬರುವ ತನಕ ಬಿಡಬಾರದು. ನನ್ನವು ನಾಲ್ಕನೆಯ ಸಲಕ್ಕೆ ಬೆಳ್ಳಗಾದವು; ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್, ನಾಯಿಯ ಜೊಲ್ಲು, ಎಲ್ಲವೂ ಪದರಪದರವಾಗಿ ಎದ್ದು ಮೋರಿಗೆ ಹೋದವು. ಆಮೇಲೆ ಪೂರ್ತಿ ಒಣಗಬೇಕು. ಬಾಟಲಿಯನ್ನು ಟಾಯರಿಗೆ ಸುರಿಯಬಾರದು, ಸ್ಪಂಜಿಗೆ ಹನಿಸಿಕೊಂಡು ತೆಳ್ಳಗೆ ಎಳೆಯಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಉಳಿದದ್ದನ್ನು ಒಣ ಅರಿವೆಯಿಂದ ಒರೆಸಿಬಿಡಬೇಕು. ಒರೆಸದೆ ಹೊರಟರೆ ಬಾಗಿಲಿಗೆ ರಂಗೋಲಿ. 'ಪಕ್ಕಕ್ಕ ಅಷ್ಟ ಹಚ್ಚೂದ್ರಿ, ನೆಲಾ ಮುಟ್ಟೂ ಕಡೆ ಹಚ್ಚಬಾರದು. ಬೈಕಿಗಂತೂ ಹಚ್ಚಾಕs ಬ್ಯಾಡ್ರಿ. ಬೈಕ್ ತಿರವಿದ್ರ ಟಾಯರಿನ ಅಂಚಿನ ಮ್ಯಾಲs ನಿಂದರತೈತಿ, ಅಲ್ಲಿ ಎಣ್ಣಿ ಇದ್ರ ಮನಶ್ಯಾ ಸೀದಾ ಕಿಮ್ಸ್ ದವಾಖಾನ್ಯಾಗ.'

ಆತ ಹೇಳುತ್ತಿದ್ದಂತೆ ನನಗೆ ದೀಪಾವಳಿಯ ನಸುಕು ಕಣ್ಣೆದುರು ಬಂತು. ಅವ್ವ ಮೊದಲು ಎಣ್ಣೆ ಹಚ್ಚಿ, ನೆತ್ತಿಗೆ ತಟ್ಟಿ, ಆಮೇಲೆ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಟಾಯರಿಗೆ ಎಲ್ಲ ಉಲ್ಟಾ: ಮೊದಲು ಸೀಗೆಪುಡಿ, ಆಮೇಲೆ ಎಣ್ಣೆ. ಆಕೆ ನನ್ನನ್ನು ಒರೆಸುತ್ತಿದ್ದ ರೀತಿಗೂ ಆ ಹುಡುಗ ಗಾಲಿ ಒರೆಸಿದ ರೀತಿಗೂ ಬಹಳ ಫರಕಿರಲಿಲ್ಲ. ಕಿವಿಯ ಹಿಂದೆ ಸುತ್ತ ಬೆರಳಾಡಿಸುವಂತೆ ಅವನು ರಿಮ್ಮಿನ ಅಂಚಿನಲ್ಲಿ ಬೆರಳಾಡಿಸಿದ.

ರವಿವಾರ ಬೆಳಿಗ್ಗೆ ಗಾಡಿ ಅಕ್ಕನ ಮನೆಯ ಮುಂದೆ ನಿಂತಾಗ ಆಕೆ ಮೊದಲು ಕೆಳಗೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. 'ಈಗ ನೋಡು, ಗಾಡಿ ಅನ್ನಿಸ್ತೈತಿ' ಎಂದಳು. ಅಳಿಯ ಹೊಸ ಅಂಗಿ ಹಾಕಿಕೊಂಡು ಹಿಂದೆ ಕೂತ. ಒಣ ಹೊಳಪು ಹಚ್ಚಿಸಿದ್ದೆ. ಗಾಡಿಯೂ ಹುಡುಗನೂ ಅತಿಯಾಗಿ ಮಿಂಚಬಾರದು, ಸ್ವಾಭಾವಿಕವಾಗಿ ಕಾಣಬೇಕು ಎಂಬುದು ನನ್ನ ನಿಲುವಾಗಿತ್ತು. ಹುಬ್ಬಳ್ಳಿ ದಾಟಿ, ಸೊಲ್ಲಾಪುರ ರಸ್ತೆ ಹಿಡಿದು, ಸುಮಾರು 40 ಕಿಲೋಮೀಟರ್. ಎರಡೂ ಕಡೆ ಎರೆಹೊಲ, ಕಡಲೆ ಬಿತ್ತನೆಗೆ ಹರಗಿ ಇಟ್ಟದ್ದು. ಮುಗಿಲು ಮೋಡ ಹಾಕಿತ್ತು. ಚಿತ್ತಿ ಮಳೆಯ ದಿನಗಳು. ನಾನು ಹೊಂಡ ಕಂಡಲ್ಲೆಲ್ಲ ಮದುವೆಯ ಹೆಣ್ಣಿನ ಹಾಗೆ ತಗ್ಗಿ ಬಗ್ಗಿ ನಡೆಸಿದೆ. ಹಳ್ಳಿಯ ಅಗಸಿ ಬಾಗಿಲಿಗೆ ಬಂದಾಗಲೂ ಗಾಲಿ ಕಪ್ಪಾಗಿಯೇ ಇದ್ದವು.

ಆದರೆ ಕಟ್ಟೆಯ ಮೇಲೆ ಹುಡುಗಿಯ ಅಜ್ಜ ಕೂತಿದ್ದರು.

ಎಲ್ಲರೂ ಒಳಗೆ ಹೋಗಿ ಉಪ್ಪಿಟ್ಟು, ಚಹಾ, ನಾಚಿಕೆ ಎಲ್ಲ ನಡೆದಿರುವಾಗ ನಾನು ಗಾಡಿಯ ನೆಪದಲ್ಲಿ ಹೊರಗೆ ಉಳಿದೆ. ಅಜ್ಜ ಎದ್ದು ಬಂದರು. ರಸ್ತೆ ಸಾರಿಗೆಯ ಡಿಪೋದಲ್ಲಿ ಮೂವತ್ತು ವರ್ಷ ಟಾಯರಿನ ವಿಭಾಗದಲ್ಲೇ ಕೆಲಸ ಮಾಡಿದವರಂತೆ. 1997ರಲ್ಲಿ ವಾಯವ್ಯ ಸಾರಿಗೆ ಬೇರೆಯಾದಾಗ ಬಸ್ಸಿನ ಮೇಲಿನ ಹೆಸರು ಬದಲಾಯಿತು, ಇವರ ಕೈಯೊಳಗಿನ ಟಾಯರು ಬದಲಾಗಲಿಲ್ಲ. ಮುಂದಿನ ಗಾಲಿಯ ಎದುರು ಕುಕ್ಕರಗಾಲಿನಲ್ಲಿ ಕೂತು ಹೆಬ್ಬೆರಳಿನಿಂದ ಉಜ್ಜಿದರು. ಬೆರಳು ನೋಡಿಕೊಂಡರು, ಮೂಸಿದರು, ಧೋತರದ ಅಂಚಿಗೆ ಒರೆಸಿಕೊಂಡರು.

'ಚಲೋ ಹಚ್ಚೀರಿ' ಎಂದರು. ನಾನು ಉಬ್ಬಿದೆ.

ಆಮೇಲೆ ಅವರು ಕನ್ನಡಕ ಏರಿಸಿ, ಟಾಯರಿನ ಪಕ್ಕದಲ್ಲಿ ಯಾರೂ ನೋಡದ ಒಂದು ಸಣ್ಣ ಮೊಟ್ಟೆಯಾಕಾರದ ಚೌಕಟ್ಟಿನ ಮೇಲೆ ಬೆರಳಿಟ್ಟರು. ನಾಲ್ಕು ಅಂಕಿ: 2516. 'ಹದಿನಾರನೇ ಇಸ್ವಿ, ಇಪ್ಪತ್ತೈದನೇ ವಾರ' ಎಂದರು. ಮನಸ್ಸಿನಲ್ಲೇ ಲೆಕ್ಕ ಹಾಕಿ, 'ಕಾರಹುಣ್ಣಿವಿ ಹೊತ್ತಿನ್ಯಾಗ ಹುಟ್ಟೇತ್ರಿ ಇದು. ಎಂಟ ವರ್ಷ ಆತು' ಎಂದರು. ನಂತರ ನೆಲಕ್ಕೆ ತಾಗುವ ಪಟ್ಟೆಗಳ ನಡುವಿನ ಸಂದಿಗೆ ಉಗುರು ತೂರಿಸಿದರು. ಅಲ್ಲಿ ಅಡ್ಡಡ್ಡ ಸಣ್ಣ ದಿಬ್ಬಗಳಿರುತ್ತವೆ, ಮೇಲಿನ ರಬ್ಬರು ಸವೆದು ಆ ದಿಬ್ಬಕ್ಕೆ ಸಮ ಬಂದರೆ ಉಳಿದದ್ದು 1.6 ಮಿಲಿಮೀಟರ್, ಟಾಯರಿನ ಕಥೆ ಮುಗಿಯಿತು. ನನ್ನದಕ್ಕೆ ಇನ್ನೊಂದು ಕೂದಲಿನಷ್ಟು ಬಾಕಿಯಿತ್ತು. ಒಂದು ವಾರದಿಂದ ನಾನು ಆ ಗಾಲಿಗಳನ್ನು ಮಕ್ಕಳಿಗಿಂತ ಹೆಚ್ಚಾಗಿ ತೊಳೆದು, ಒರೆಸಿ, ಎಣ್ಣೆ ಹಚ್ಚಿದ್ದೆ; ಅವುಗಳ ವಯಸ್ಸು ಮಾತ್ರ ನೋಡಿರಲಿಲ್ಲ.

'ದನದ ಸಂತ್ಯಾಗ ಮಾರಾವ್ರು ಎತ್ತಿನ ಕೋಡಿಗೆ ಎಣ್ಣಿ ಹಚ್ಚಿ ನಿಲ್ಲಸಿರತಾರ. ನಾವು ಕೋಡ ನೋಡಿ ತರೂದಿಲ್ರಿ. ಬಾಯಿ ತಗದ ಹಲ್ಲ ನೋಡತೇವಿ' ಎಂದರು ಅಜ್ಜ, ಎದ್ದು ನಿಂತು ಮೊಣಕಾಲು ತಟ್ಟಿಕೊಳ್ಳುತ್ತ. 'ನಿಮ್ಮ ಎತ್ತು ಬಾಯಿಗೂಡೇತಿ.'

ನನಗೆ ಮಾತು ಹೊರಡಲಿಲ್ಲ. ಅವರೇ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು.

'ಗಾಡಿ ಹುಡುಗಂದೇನ್ರಿ?'

'ಅಲ್ರಿ, ನಂದು.'

'ಹಂಗಾದ್ರ ಅಡ್ಡಿ ಇಲ್ಲ' ಎಂದು ಒಳಗೆ ಹೋದರು.

ಚಹಾ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ನಿಂತ ಮೇಲೆ ಹೊರಟೆವು. ಅವರ ಮನೆಯಿಂದ ಡಾಂಬರು ರಸ್ತೆಗೆ ಇರುವುದು ಇನ್ನೂರು ಹೆಜ್ಜೆ ಎರೆದಾರಿ. ಬೇಸಿಗೆಯಲ್ಲಿ ಮೊಳದುದ್ದ ಬಿರುಕು ಬಿಡುವ ಈ ಮಣ್ಣು ನೀರು ಕುಡಿದರೆ ಹಿಟ್ಟು ನಾದಿದಂತೆ ಉಬ್ಬುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಇಪ್ಪತ್ತು ಹೆಜ್ಜೆಗೆ ಗಾಲಿ ಕಾಣದಾದವು. ಐವತ್ತಕ್ಕೆ ಮಡಗಾರ್ಡಿನ ಒಳಗೆ ಮಣ್ಣು ಕಟ್ಟಿಕೊಂಡು ತಿರುಗುವುದೇ ನಿಂತಿತು. ಅಳಿಯ ಹೊಸ ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಇಳಿದ. ಕಟ್ಟಿಗೆಯಿಂದ ಕೆರೆದೆವು, ಮತ್ತೆ ಕಟ್ಟಿತು. ಹುಡುಗಿಯ ಅಣ್ಣ ಟ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದ. ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದ ಹುಡುಗಿ, ಕೆಸರು ತುಂಬಿದ ಅಳಿಯನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡದ್ದು ನನಗೆ ಕನ್ನಡಿಯಲ್ಲಿ ಕಂಡಿತು. ಒಳಗೆ ಅರ್ಧ ತಾಸು ಎದುರುಬದರು ಕೂತಾಗ ಇಬ್ಬರೂ ತಲೆ ಎತ್ತಿರಲಿಲ್ಲವೆಂದು ಅಕ್ಕ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಮರುವಾರ ಹೊಸ ಟಾಯರು ಹಾಕಿಸಿದೆ. ಕೂಸಿನ ಕಿವಿಯ ಮೇಲಿನ ರೋಮದ ಹಾಗೆ ಸಣ್ಣಸಣ್ಣ ರಬ್ಬರಿನ ಕೂದಲಿದ್ದವು ಅವಕ್ಕೆ. ಏನೂ ಹಚ್ಚದೆಯೇ ಕಪ್ಪಗಿದ್ದವು. ಎರಡು ಬಾಟಲಿಗಳೂ ಮುಕ್ಕಾಲು ಹಾಗೇ ಉಳಿದಿವೆ. ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಬಹುದು.

ಕನ್ಯಾ ನೋಡಿ ಮನೆಗೆ ಬಂದ ಆ ಸಂಜೆ ಹೆಂಡತಿ ಎಂದಿನಂತೆ ಅಂಗಳಕ್ಕೆ ಬಂದಳು. ನೋಡುವುದಕ್ಕೆ ಗಾಲಿಯೇ ಇರಲಿಲ್ಲ, ನಾಲ್ಕು ಮಣ್ಣಿನ ಉಂಡೆಗಳಿದ್ದವು. ಆಕೆ ಎಲ್ಲಿ, ಏನು, ಹುಡುಗಿ ಹೇಗೆ ಎಂದು ಒಂದೂ ಕೇಳಲಿಲ್ಲ. ಒಳಗೆ ಹೋಗಿ ಪುಟ್ಟಿ ತಂದು, ಮಡಗಾರ್ಡಿನಿಂದ ಎರೆಮಣ್ಣನ್ನು ಹೆಂಟೆ ಹೆಂಟೆಯಾಗಿ ಕಿತ್ತು ತುಂಬಿಕೊಂಡು, ಕೆಂಪು ಮಣ್ಣಿನಲ್ಲಿ ಸೊರಗಿ ನಿಂತಿದ್ದ ಸೇವಂತಿಗೆಯ ಕುಂಡಗಳಿಗೆ ಹಾಕುತ್ತ ಕೂತಳು. ಎರಡು ಕುಂಡಕ್ಕೆ ಸಾಲದೆ ಹೋಯಿತು.

'ಬೀಗರ ಊರಿಗೆ ಇನ್ನೊಮ್ಮೆ ಹ್ವಾದಾಗ ಸ್ವಲ್ಪ ಜಾಸ್ತಿ ತರ್ರಿ' ಎಂದಳು.